ಕೊನೆಯಲ್ಲಿ ಕೂಗುವ ಹಾಜರಿ

ಮದ್ದೂರಿನ ಹಳೆಯ ಸರ್ಕಾರಿ ಕಾಲೇಜಿನ ಬೋರ್ಡು ಅಳಿಸಿ ‘ವಿಶ್ವವಿದ್ಯಾಲಯ’ ಎಂದು ಬರೆಸಿ ಎರಡು ವರ್ಷವಾಗಿತ್ತು. ಕಟ್ಟಡ ಅದೇ, ಸೋರುವ ಮೂಲೆಯೂ ಅದೇ. ಇಪ್ಪತ್ತು ವರ್ಷದಿಂದ ಇತಿಹಾಸ ಪಾಠ ಮಾಡುತ್ತಿದ್ದ ನಾಗರತ್ನಳೂ ಅವಳೇ. ಆದರೆ ಪರಿಶೀಲನಾ ಸಮಿತಿ ಬರುತ್ತದೆ, ವಿಶ್ವವಿದ್ಯಾಲಯದ ಹಿನ್ನೆಲೆ ಬರೆದು ಓದಬೇಕು ಅಂದಾಗ ಕುಲಪತಿಗಳ ಕಣ್ಣಿಗೆ ಬಿದ್ದವನು ಮೊನ್ನೆ ಮೊನ್ನೆ ಮೈಸೂರಿನಿಂದ ಬಂದ ಹೊಸ ಅಧ್ಯಾಪಕ ಪ್ರೀತಂ.

ನಾಗರತ್ನಳ ಹೊಟ್ಟೆಗೆ ಬೆಂಕಿ ಬಿತ್ತು. ಆತಗೂರಿನ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದೂ ತಿಳಿಯದವನು ಈ ಜಾಗದ ಕಥೆ ಬರೆಯುವುದೆಂದರೇನು? ಆ ಹಾಳೆಯಲ್ಲಿ ಇರಬೇಕಾದದ್ದು ತನ್ನ ಹೆಸರು.

ಪ್ರೀತಂ ಪಾಪ, ಅವಳ ಹತ್ತಿರವೇ ಬಂದು, ನೀವು ಹೇಳಿ ಮೇಡಂ, ಬರೆದುಕೊಳ್ಳುತ್ತೇನೆ ಅಂದ. ಅವಳು ಸ್ಥಾಪನೆಯ ಇಸವಿ ಹೇಳಿದಳು, ಎಷ್ಟು ಕೊಠಡಿ ಎಂದು ಹೇಳಿದಳು. ಮುಖ್ಯವಾದದ್ದನ್ನು ನುಂಗಿಕೊಂಡಳು. ಕೊಪ್ಪ, ಆತಗೂರಿನಂಥ ಸುತ್ತಲಿನ ಹಳ್ಳಿಗಳ ಹುಡುಗಿಯರು ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಬಸ್ಸು ಹತ್ತಿ, ಪಾಠ ಅರ್ಧವಾದ ಮೇಲೆ ತಲುಪುವವರು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅದಕ್ಕೇ ಇಲ್ಲಿ ಮೊದಲ ಪೀರಿಯಡ್ಡಿನ ಹಾಜರಿಯನ್ನು ಪಾಠದ ಕೊನೆಯಲ್ಲಿ ಕೂಗುತ್ತಾರೆ. ಎಲ್ಲೂ ಬರೆದಿಡದ ಆ ಪದ್ಧತಿ ಶುರು ಮಾಡಿದವಳೇ ನಾಗರತ್ನ. ಹಳಬರೆಲ್ಲ ವರ್ಗವಾಗಿ ಅದರ ಕಾರಣ ಬಲ್ಲವಳು ಅವಳೊಬ್ಬಳೇ ಉಳಿದಿದ್ದಳು. ಪ್ರೀತಂನ ಪಾಠವೆಲ್ಲ ಮಧ್ಯಾಹ್ನ, ಅವನಿಗೆ ಇದು ತಿಳಿಯುವಂತಿರಲಿಲ್ಲ. ತನ್ನ ಒಡವೆ ಅವನ ಕೊರಳಿಗೆ ಯಾಕೆ ಹಾಕಲಿ ಅಂದುಕೊಂಡಳು.

ಸಮಿತಿಯವರು ಬೆಳಿಗ್ಗೆ ಮೊದಲ ಪೀರಿಯಡ್ಡಿಗೇ ಬಂದು ತರಗತಿ ನೋಡಿದರು. ಅರ್ಧ ಬೆಂಚು ಖಾಲಿ, ಹಾಜರಿ ಪುಸ್ತಕವೂ ಖಾಲಿ. ಇದೆಂಥ ಶಿಸ್ತು ಎಂದು ಅಧ್ಯಕ್ಷರು ಕೇಳಿದರು. ಪ್ರೀತಂ ಹಾಳೆ ತಿರುವಿದ; ಅದರಲ್ಲಿ ಕೊಠಡಿಗಳಿದ್ದವು, ಹುಡುಗಿಯರಿರಲಿಲ್ಲ. ಅವನು ಬೆವರುವುದನ್ನು ನೋಡಿ ನಾಗರತ್ನಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದ್ದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ಮರುವಾರವೇ ಸುತ್ತೋಲೆ ಬಂತು: ಮೊದಲ ಐದು ನಿಮಿಷದಲ್ಲಿ ಹಾಜರಿ, ಆಮೇಲೆ ಬಂದವರಿಗೆ ಪ್ರವೇಶವಿಲ್ಲ.

ಅಂದು ಮೊದಲ ಪೀರಿಯಡ್ಡು ನಾಗರತ್ನಳದ್ದೇ. ಕೊಪ್ಪದ ಗಗನ ಓಡಿಬಂದು ಬಾಗಿಲಲ್ಲಿ ನಿಂತಳು. ಹೆಸರು ಕೂಗಿ ಆಗಿತ್ತು. ನಾಗರತ್ನ ತಲೆ ತಗ್ಗಿಸಿಕೊಂಡೇ ಸುತ್ತೋಲೆಯ ವಿಷಯ ಹೇಳಿದಳು.

“ಸಮಿತಿಯೋರು ಬಂದಾಗ ನೀವು ಅಲ್ಲಿರ್ನಿಲ್ವೇನೋ ಮೇಡಂ,” ಅಂದಳು ಗಗನ. “ಇದ್ದಿದ್ರೆ ನಮ್ ಕಷ್ಟ ಏಳೇ ಏಳ್ತಿದ್ರಿ.”

ನಾಗರತ್ನ ಹಾಜರಿ ಪುಸ್ತಕ ಮುಚ್ಚಿದಳು.

“ಇದ್ದೆ ಕಣಮ್ಮ. ಪ್ರೀತಂಗೆ ಹೆಸ್ರು ಬತ್ತದಲ್ಲ ಅನ್ನೋ ಹೊಟ್ಟೆಕಿಚ್ಚಿಗೆ ಬಾಯಿ ಬುಡ್ನಿಲ್ಲ.”

ತರಗತಿಯೆಲ್ಲ ಕೇಳಿಸಿಕೊಂಡಿತು. ಗಗನ ಹೊರಗೆ ವರಾಂಡದ ಗೋಡೆಗೆ ಒರಗಿ ಕುಳಿತು, ಅಲ್ಲಿಂದಲೇ ಪಾಠ ಬರೆದುಕೊಳ್ಳಲು ಪುಸ್ತಕ ತೆಗೆದಳು.