ಕೆಟ್ಟು ಕೂತದ್ದಲ್ಲ, ಸುಮ್ಮನೆ ಕೂತದ್ದು

ಬೀದಿಯವರೆಲ್ಲ ಅವನನ್ನು ಅವಸರಣ್ಣ ಎಂದೇ ಕರೆಯುವುದು. ಚಪ್ಪಲಿ ಮೆಟ್ಟುತ್ತಲೇ ನಡೆಯಲು ಶುರುಮಾಡುವ ಆಸಾಮಿ. ಒಂದು ಚಪ್ಪಲಿ ಬಾಗಿಲಲ್ಲೇ ಉಳಿದಿದ್ದರೆ ಅದು ನೆನಪಾಗುವುದು ಬೀದಿಯ ತುದಿ ಮುಟ್ಟಿದ ಮೇಲೆ. ಕೆಟ್ಟ ಮನುಷ್ಯನಲ್ಲ, ಯಾರ ಮನೆಯ ಕೆಲಸಕ್ಕೂ ಮೊದಲು ಓಡಿಬರುವವನು ಅವನೇ. ಆದರೆ ಎದುರಿಗಿದ್ದವರ ಮಾತು ಮುಗಿಯುವವರೆಗೆ ನಿಲ್ಲುವ ತಾಳ್ಮೆಯನ್ನು ದೇವರು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಅವನ ಮನೆಯ ಹಿಂದೆ ಒಂದು ತಗಡಿನ ಶೆಡ್ಡಿದೆ. ಅಂಥದ್ದು ನಿಮ್ಮ ಮನೆಯ ಹಿಂದೆಯೂ ಇರಬಹುದು. ಒಳಗೆ ಕಾಲಿಟ್ಟರೆ ಹಳೆಯ ನೇಗಿಲು, ಕಳೆ ತೆಗೆಯುವ ಕೈಗಾಡಿ, ಹಿಡಿ ಕಳಚಿದ ಗುದ್ದಲಿ. ಎಲ್ಲದರ ನಡುವೆ, ಮದುವೆ ಮನೆಯಲ್ಲಿ ದಾರಿಗಡ್ಡ ಕೂತ ದೊಡ್ಡಪ್ಪನ ಹಾಗೆ, ಭತ್ತ ಬಿಡಿಸುವ ತುಳಿಯೋ ಮಷೀನು. ಕಬ್ಬಿಣದ ಚೌಕಟ್ಟು, ಮೈತುಂಬ ತಂತಿ ಕೊಕ್ಕೆಗಳಿರುವ ಉರುಳೆ, ಕೆಳಗೆ ಕಾಲಿಡಲು ಒಂದು ಮರದ ಹಲಗೆ. ಹಲಗೆ ತುಳಿದರೆ ಉರುಳೆ ತಿರುಗುತ್ತದೆ, ತೆನೆಯ ಕಂತೆ ಹಿಡಿದರೆ ಕಾಳು ಉದುರುತ್ತದೆ. ಕರೆಂಟು ಬೇಡ, ಡೀಸೆಲ್ಲೂ ಬೇಡ. ಅವಸರಣ್ಣನ ತಾಯಿ ಬದುಕಿರುವವರೆಗೂ ಅದನ್ನು ತುಳಿದವಳು. ಆಮೇಲೆ ತಂಗಿ ತುಳಿದಳು. ಇಬ್ಬರ ಪಾದಕ್ಕೂ ಸವೆದು ಹಲಗೆಯ ನಡುವೆ ನುಣ್ಣನೆಯ ಗುಳಿ ಬಿದ್ದಿತ್ತು.

ಆಮೇಲೆ ಊರಿಗೆ ದೊಡ್ಡ ಕೊಯ್ಲು ಮಷೀನು ಬಂತು. ಒಂದು ಕಡೆಯಿಂದ ಗದ್ದೆ ನುಂಗುತ್ತಾ ಹೋದರೆ ಇನ್ನೊಂದು ಕಡೆಯಿಂದ ಕಾಳು ಸುರಿಯುತ್ತದೆ. ಕುಡುಗೋಲು ಗೋಡೆಯ ಮೊಳೆ ಸೇರಿತು, ತುಳಿಯೋ ಮಷೀನು ಶೆಡ್ಡು ಸೇರಿತು. ಅದನ್ನು ಮರೆಯದೆ ಉಳಿದದ್ದು ಮನೆಯ ಕೋಳಿಯೊಂದೇ. ದಿನಾ ಹೋಗಿ ಉರುಳೆಯ ಕೆಳಗೆ ಮೊಟ್ಟೆ ಇಟ್ಟು ಬರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಸರಣ್ಣ ಔಷಧಿ ಹೊಡೆಯುವ ಹೊಸ ಪಂಪು ತಂದ. ಇಡಲು ಹೋದರೆ ಶೆಡ್ಡಿನಲ್ಲಿ ಜಾಗವಿಲ್ಲ. ಚೌಕಟ್ಟಿನ ಮೂಲೆ ಮೊಣಕಾಲಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಬೀದಿಯಲ್ಲಿ ಗುಜರಿ ಗಾಡಿಯ ಮೈಕು ಕೂಗಿತು.

"ಹಳೇ ಕಬ್ಬಿಣಾ... ಕೆಟ್ಟು ಕೂತಿರೋ ಫ್ಯಾನು, ಕೆಟ್ಟು ಕೂತಿರೋ ಮೋಟರು, ಕೆಟ್ಟು ಕೂತಿರೋ ಮಷೀನು ತಗೋತೀವೀ..."

ಆ ಗಾಡಿ ಬರತೊಡಗಿದ ಮೇಲೆ ಆ ಮಾತು ಬೀದಿಯ ಎಲ್ಲರ ನಾಲಿಗೆಗೂ ಅಂಟಿತ್ತು. ಪಕ್ಕದ ಮನೆಯ ಅಜ್ಜ ಉಂಡು ಜಗಲಿಯಲ್ಲಿ ಕೂತರೂ, "ಏನಜ್ಜಾ, ಕೆಟ್ಟು ಕೂತಿದ್ಯಾ?" ಎಂದು ತಮಾಷೆ ಮಾಡುವರು. ಓಡಾಡದೆ ನಿಂತದ್ದೆಲ್ಲ ಅವರ ಬಾಯಲ್ಲಿ ಕೆಟ್ಟು ಕೂತದ್ದೇ.

"ಕೊಟ್ಬಿಡ್ತೀನಿ ಇದನ್ನ" ಎಂದ ಅವಸರಣ್ಣ, ಮೊಣಕಾಲು ಉಜ್ಜಿಕೊಳ್ಳುತ್ತಾ.

ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. "ರೀ, ಸ್ವಲ್ಪ ತಡೀರಿ. ನಿಮ್ಮ ತಂಗೀನ ಒಂದು ಮಾತು ಕೇಳಿ. ಅವಳದ್ದು ನೀರು ನಿಲ್ಲೋ ತಗ್ಗಿನ ಗದ್ದೆ."

"ಹೋದ ಎರಡು ವರ್ಷ ಅವಳ ಗದ್ದೆಗೂ ದೊಡ್ಡ ಮಷೀನೇ ಬಂತಲ್ಲ."

"ಹೋದ ಎರಡು ವರ್ಷ ಮಳೆ ಬೇಗ ನಿಂತಿತ್ತು. ಆದ್ರೂ ಕೇಳಿ."

ಕೇಳಿದ. ಕೇಳಲಿಲ್ಲ ಎನ್ನುವ ಹಾಗಿಲ್ಲ. ಫೋನು ಹಚ್ಚಿ, ಗಾಡಿಯವನಿಗೆ ನಿಲ್ಲು ಎಂದು ಕೈ ಬೀಸುತ್ತಾ ಹೇಳಿದ, "ನೋಡಮ್ಮಾ, ಆ ತುಳಿಯೋ ಮಷೀನು ಕೆಟ್ಟು ಕೂತಿದೆ. ಗುಜರಿಗೆ ಹಾಕ್ಲಾ?"

ಆ ಕಡೆಯಿಂದ ತಂಗಿ ಕೇಳಿದಳು, "ಕೆಟ್ಟೇ ಹೋಯ್ತಾ ಅಣ್ಣಾ? ಅಮ್ಮನ ಮಷೀನು. ಕೆಟ್ಟಿದ್ರೆ ಇನ್ನೇನು ಮಾಡೋದು, ಹಾಕು."

ಗಾಡಿಗೆ ಎತ್ತುವಾಗ ಸೈಕಲ್ ಮೇಡಂ ಬಂದರು. ಊರೂರು ತಿರುಗಿ ರೈತರಿಗೆ ಬೀಜ, ಗೊಬ್ಬರ, ಉಪಕರಣಗಳ ವಿಷಯ ತಿಳಿಸುವ ಕೆಲಸ ಅವರದು. ಸೈಕಲ್ಲಿನಿಂದ ಇಳಿದು ಉರುಳೆಗೆ ಕೈ ತಾಗಿಸಿದರು. ಗಿರ್ರನೆ ತಿರುಗಿತು.

"ಅವಸರಣ್ಣ, ಇದು ಚೆನ್ನಾಗೇ ಇದೆಯಲ್ಲ! ಯಾಕೆ ಕೊಡ್ತಿದ್ದೀರಿ?"

"ಇದನ್ನ ತುಳಿಯೋ ಕಾಲ ಹೋಯ್ತು ಮೇಡಂ. ನೀವೇ ಅಲ್ವಾ ಹೊಸ ಪದ್ಧತಿಗೆ ಬನ್ನಿ ಅಂದೋರು?"

"ಬನ್ನಿ ಅಂದೆ, ಹಳೇದನ್ನೆಲ್ಲ ಒಡೆದು ಬನ್ನಿ ಅನ್ನಲಿಲ್ಲ. ದೊಡ್ಡ ಮಷೀನು ಕೆಸರಿಗೆ ಇಳಿಯಲ್ಲ. ಮಳೆ ಜಾಸ್ತಿಯಾದ ವರ್ಷ ಇದೇ ಬೇಕಾಗುತ್ತೆ. ನಿಮಗೆ ಜಾಗ ಇಲ್ಲದಿದ್ರೆ ಊರಿನ ರೈತರ ಸಂಘದ ಕೋಣೇಲಿ ಇಡಿ. ಬೇಕಾದವರು ಎರವಲು ತಗೊಂಡು ವಾಪಸು ತರ್ತಾರೆ."

"ಆಯ್ತು ಮೇಡಂ, ಮುಂದಿನ ಸಲ ನೋಡೋಣ" ಎಂದ ಅವಸರಣ್ಣ. ಮಷೀನಿಗೆ ಮುಂದಿನ ಸಲ ಎಲ್ಲಿಂದ ಬರಬೇಕು? ಗಾಡಿ ತಿರುವಿನಲ್ಲಿ ಮರೆಯಾಯಿತು. ಒಬ್ಬರನ್ನು ನೋಡಿ ಒಬ್ಬರು, ಆ ಬೇಸಿಗೆ ಮುಗಿಯುವುದರೊಳಗೆ ಬೀದಿಯ ಎಲ್ಲರೂ ತಮ್ಮ ತಮ್ಮ ಶೆಡ್ಡು ಗುಡಿಸಿ ಗುಜರಿಗೆ ಹಾಕಿದರು. ಮೊಟ್ಟೆಯಿಡಲು ಹೋದ ಕೋಳಿ ಮಾತ್ರ ಶೆಡ್ಡಿನಲ್ಲಿ ಸುತ್ತಿ ಸುತ್ತಿ ಕೂಗಾಡಿತು. ಅದರ ಗಲಾಟೆಗೆ ಯಾರೂ ಬೆಲೆ ಕೊಡಲಿಲ್ಲ.

ಆ ವರ್ಷ ಮಳೆ ನಿಲ್ಲಲಿಲ್ಲ.

ತೆನೆ ಹೊಂಬಣ್ಣಕ್ಕೆ ತಿರುಗಿದರೂ ಮಳೆ ಹನಿಯುತ್ತಲೇ ಇತ್ತು. ಎತ್ತರದ ಗದ್ದೆಗಳು ಹೇಗೋ ಪಾರಾದವು. ತಂಗಿಯ ಗದ್ದೆಯಲ್ಲಿ ಭತ್ತ ನೆಲ ಕಚ್ಚಿತು. ದೊಡ್ಡ ಮಷೀನಿನ ಡ್ರೈವರ್ ಬಂದು ಬದುವಿನಿಂದ ಒಂದು ಕಾಲು ಇಳಿಸಿ ನೋಡಿದ. ಕಾಲು ಮೊಣಕಾಲಿನವರೆಗೆ ಹೂತುಹೋಯಿತು.

"ಆಗಲ್ಲ ಅಕ್ಕಾ. ಇಳಿಸಿದ್ರೆ ಮಷೀನನ್ನ ಎತ್ತೋಕೆ ಇನ್ನೊಂದು ಮಷೀನು ಬೇಕು" ಎಂದು ಕಾಲು ತೊಳೆದುಕೊಂಡು ಒಣಗಿದ ಊರುಗಳ ಕಡೆ ಹೊರಟುಹೋದ.

ತಂಗಿಯ ಗಂಡ ಇಟ್ಟಿಗೆ ಗೂಡಿನ ಕೂಲಿ. ಕೂಲಿ ಮೇಲಿನ ಖರ್ಚಿಗೆ, ಅನ್ನಕ್ಕೆ ಆ ಗದ್ದೆ. ಅದು ಕೈಬಿಟ್ಟರೆ ವರ್ಷವಿಡೀ ಮನೆಯಲ್ಲಿ ಅಕ್ಕಿಯಿಲ್ಲ. ಅವಳು ತಲೆಯ ಮೇಲೆ ಕೈಹೊತ್ತು ಕೂರುವವಳಲ್ಲ. ಗಂಡನನ್ನೂ ಕರೆದುಕೊಂಡು ಕುಡುಗೋಲು ಹಿಡಿದು ಕೆಸರಿಗಿಳಿದಳು. ಅವಸರಣ್ಣ, ಅವನ ಹೆಂಡತಿ ಇಬ್ಬರೂ ಸೇರಿಕೊಂಡರು. ಸೊಂಟ ಮುರಿಯುವಂತೆ ಬಗ್ಗಿ ಕೊಯ್ದರು, ಒದ್ದೆ ಕಂತೆಗಳನ್ನು ಹೊತ್ತು ಮನೆಯಂಗಳಕ್ಕೆ ತಂದರು. ಕೊಯ್ದದ್ದೇನೋ ಆಯಿತು. ಕಾಳು ಬಿಡಿಸುವುದು ಹೇಗೆ?

ಅಂಗಳದಲ್ಲಿ ಹಲಗೆ ನಿಲ್ಲಿಸಿ ಕಂತೆ ಬಡಿದರು. ನಾಲ್ಕು ಕಂತೆ ಬಡಿಯುವಷ್ಟರಲ್ಲಿ ಮಳೆ. ಟಾರ್ಪಾಲು ಹೊದಿಸು, ಟಾರ್ಪಾಲು ತೆಗಿ. ಒದ್ದೆ ತೆನೆ ಎಷ್ಟು ಬಡಿದರೂ ಕಾಳು ಬಿಡಲೊಲ್ಲದು. ಕೂಲಿಯವರನ್ನು ಕರೆದರೆ, "ಆ ಕೆಲಸ ಬಿಟ್ಟು ಕಾಲವಾಯ್ತು, ರಟ್ಟೆ ಬರಲ್ಲ" ಎಂದರು. ಅವಸರಣ್ಣ ತನ್ನ ಬೀದಿಯ ಮನೆಮನೆಗೂ ಹೋಗಿ ತುಳಿಯೋ ಮಷೀನು ಕೇಳಿದ. ಎಲ್ಲರದೂ ಒಂದೇ ಉತ್ತರ: "ಕೆಟ್ಟು ಕೂತಿತ್ತು ಕಣಣ್ಣಾ, ಗುಜರಿಗೆ ಹಾಕಿದ್ವಿ." ಸೈಕಲ್ ಮೇಡಂ ಸುತ್ತಲ ಊರುಗಳಿಗೆಲ್ಲ ಫೋನು ಮಾಡಿದರು. ಅಲ್ಲಿಯೂ ಅದೇ ಮಾತು.

ಒಂದು ಬೆಳಿಗ್ಗೆ ತಂಗಿ ಕಂತೆಗಳ ಮೆದೆಯೊಳಗೆ ಕೈ ಹಾಕಿ ತಟ್ಟನೆ ಹಿಂದಕ್ಕೆಳೆದುಕೊಂಡಳು. ಒಳಗೆ ಬೆಚ್ಚಗಿತ್ತು. ಒಂದು ಕಂತೆ ಸೆಳೆದಳು. ಕಾಳುಕಾಳಿನ ಮೂತಿಯಲ್ಲೂ ಬೆಳ್ಳಗೆ ಮೊಳಕೆ ಇಣುಕಿತ್ತು. ಇನ್ನೊಂದು ಸೆಳೆದಳು, ಅದೂ ಹಾಗೆಯೇ. ಅದರ ಕೆಳಗಿನದು ಕಪ್ಪಗಾಗಿ ಬೂಷ್ಟು ಹಿಡಿದಿತ್ತು.

ಅಂಗಳದಲ್ಲಿ ಕುಸಿದು ಕೂತು ಅಳಲೂ ಆಗದೆ ಅವಳು ಹೇಳಿದಳು, "ಅಮ್ಮನ ಮಷೀನೊಂದು ಕೆಡದೇ ಇದ್ದಿದ್ರೆ ಅಣ್ಣಾ... ಜಗಲೀಲಿ ಸೂರಿನ ಕೆಳಗೆ ಇಟ್ಕೊಂಡು ತುಳೀತಿದ್ದೆ. ಮಳೆ ಬಂದ್ರೆ ಬರ್ಲಿ ಅಂತ ತುಳೀತಿದ್ದೆ."

ಅವಸರಣ್ಣನ ಹೆಂಡತಿ ಕೈಯಲ್ಲಿದ್ದ ಕಂತೆ ಕೆಳಗಿಟ್ಟಳು. "ಕೆಟ್ಟಿತ್ತು ಅಂತ ಯಾರು ಹೇಳಿದ್ರು ನಿನಗೆ? ಮುಟ್ಟಿದ್ರೆ ಗಿರ್ರಂತ ತಿರುಗ್ತಿತ್ತು."

"ಅಣ್ಣನೇ ಹೇಳಿದ್ನಲ್ಲ ಅತ್ತಿಗೆ. ಕೆಟ್ಟು ಕೂತಿದೆ ಅಂತ."

ಇಬ್ಬರೂ ಅವನತ್ತ ನೋಡಿದರು. ಜನ್ಮದಲ್ಲಿ ಮೊದಲ ಸಲ ಅವಸರಣ್ಣನಿಗೆ ಮಾತಿಗೆ ಅವಸರವಾಗಲಿಲ್ಲ.

"ಹಾಗಂದ್ರೆ... ಸುಮ್ನೆ ಕೂತಿದೆ ಅಂತ, ಕಣಮ್ಮಾ. ಮಾತಿಗೆ ಅಂದೆ. ಎಲ್ಲರೂ ಅಂತಾರಲ್ಲ..."

"ಸುಮ್ನೆ ಕೂತಿದೆ ಅಂದಿದ್ರೆ ತಲೆ ಮೇಲೆ ಹೊತ್ಕೊಂಡಾದ್ರೂ ತರ್ತಿದ್ದೆ" ಎಂದಳು ತಂಗಿ. ಬೈಯಲಿಲ್ಲ, ಕೂಗಾಡಲಿಲ್ಲ. ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಅವನು ಅಲ್ಲಿಂದ ನೇರವಾಗಿ ಗುಜರಿ ಅಂಗಡಿಗೆ ಹೋದ. ಸಿಕ್ಕರೆ ಕಾಲು ಹಿಡಿದಾದರೂ ವಾಪಸು ತರುವುದೆಂದು ಹೋದ. ತಗಡಿನ ಬೇಲಿಯ ಒಳಗೆ ಇಡೀ ಸೀಮೆಯ ಶೆಡ್ಡುಗಳು ಬಂದು ರಾಶಿ ಬಿದ್ದಿದ್ದವು. ನೀರೆತ್ತುವ ಪಂಪು, ಬೀಜ ಬಿತ್ತುವ ಕೂರಿಗೆ, ಕಳೆ ತೆಗೆಯುವ ಗಾಡಿಗಳು. ಎಷ್ಟೋ ಉಪಕರಣಗಳಿಗೆ ಹಚ್ಚಿದ ಬಣ್ಣ ಕೂಡ ಮಾಸಿರಲಿಲ್ಲ. ಒಂದು ಮೂಲೆಯಲ್ಲಿ ಕಿಡಿ ಹಾರಿಸುತ್ತಾ ಒಬ್ಬ ಕಬ್ಬಿಣ ಕತ್ತರಿಸುತ್ತಿದ್ದ.

"ತುಳಿಯೋ ಮಷೀನಾ? ಬಂದ ವಾರವೇ ತುಂಡು ಮಾಡಿ ಕಳಿಸಿದ್ವಿ" ಎಂದ ಅಂಗಡಿಯವನು. ಅವಸರಣ್ಣನ ಮುಖ ನೋಡಿ ಅವನಿಗೂ ಪಾಪ ಎನಿಸಿತು. "ಕೆಟ್ಟು ಕೂತಿದೆ ಅಂತ ನೀವೇ ಅಂದ್ರಿ ಅಂತ ಗಾಡಿಯವನು ಹೇಳಿದ್ನಲ್ಲಣ್ಣಾ. ಚೆನ್ನಾಗಿದೆ ಅಂದಿದ್ರೆ ನಾನೇ ಬೇರೆ ಯಾರಿಗಾದ್ರೂ ದಾಟಿಸ್ತಿದ್ದೆ."

ಬೇಲಿಯ ಬುಡದಲ್ಲಿ ಅವರಿಗೆ ಬೇಡದ ಮರದ ಚೂರುಗಳ ಗುಡ್ಡೆಯಿತ್ತು. ಅದರಲ್ಲಿ ಅವಸರಣ್ಣನಿಗೆ ಆ ಹಲಗೆ ಕಾಣಿಸಿತು. ಮಳೆಗೆ ಕಪ್ಪಗಾಗಿತ್ತು, ನಡುವಿನ ಗುಳಿಯಲ್ಲಿ ನೀರು ನಿಂತಿತ್ತು. ಅವನು ನೀರು ಚೆಲ್ಲಿ, ಗುಳಿಯನ್ನು ಅಂಗೈಯಿಂದ ಒರೆಸಿದ. ಅಮ್ಮನ ಹಿಮ್ಮಡಿ ಅಲ್ಲಿ ಹೇಗೆ ಕೂರುತ್ತಿತ್ತು ಎಂಬುದು ನೆನಪಾಗಿ, ಆ ರಾಶಿಯ ನಡುವೆ ನಿಂತು ಮಕ್ಕಳ ಹಾಗೆ ಅತ್ತುಬಿಟ್ಟ.

ಹಲಗೆ ತಂದು ತಂಗಿಯ ಮುಂದಿಟ್ಟ. ಅವಳು ಮುಟ್ಟಲಿಲ್ಲ. ಸೈಕಲ್ ಮೇಡಂ ಬಂದು ಕೂತಿದ್ದರು. ನಾನು ಆವತ್ತೇ ಹೇಳಿದ್ದೆ ಎಂದು ಅವರು ಎತ್ತಿ ಆಡಲಿಲ್ಲ. ಮೊಳಕೆ ಬಂದ ಭತ್ತವನ್ನು ಕೈಯಲ್ಲಿ ಹಿಡಿದು, "ಇದು ದನಕ್ಕಾದೀತು, ಬೂಷ್ಟು ಹಿಡಿದಿದ್ದನ್ನ ಅದಕ್ಕೂ ಹಾಕಬೇಡಿ" ಎಂದಷ್ಟೇ ಹೇಳಿದರು.

"ಬರೋ ವರ್ಷಕ್ಕೆ ಒಂದು ಹೊಸಾ ತುಳಿಯೋ ಮಷೀನು ತರ್ಸೋಣ ಮೇಡಂ" ಎಂದ ಅವಸರಣ್ಣ.

"ಮಾಡೋರು ನಿಲ್ಲಿಸಿಬಿಟ್ಟಿದ್ದಾರೆ ಅಣ್ಣಾ, ಕೊಳ್ಳೋರೇ ಇಲ್ಲ ಅಂತ. ವಿಚಾರಿಸ್ತೀನಿ. ಸಿಗುತ್ತೆ ಅಂತ ಮಾತ್ರ ಮಾತು ಕೊಡಲಾರೆ."

"ಬೇಡ ಬಿಡಿ" ಎಂದಳು ತಂಗಿ. "ಆ ಗದ್ದೆ ಇನ್ನು ನನ್ನ ಕೈಲಾಗಲ್ಲ. ನಾನೂ ಇಟ್ಟಿಗೆ ಗೂಡಿಗೇ ಹೋಗ್ತೀನಿ."

ಹೋದಳು. ತಗ್ಗಿನ ಗದ್ದೆ ಈಗ ಬೀಳುಬಿದ್ದಿದೆ, ಆಳೆತ್ತರ ಜೊಂಡು ಬೆಳೆದಿದೆ. ಅವಸರಣ್ಣ ತಮ್ಮ ಮನೆಯ ಅಕ್ಕಿಯಲ್ಲಿ ಪಾಲು ಒಯ್ದರೆ ಅವಳು ಇಸಿದುಕೊಳ್ಳುತ್ತಾಳೆ, ಕೂರು ಎನ್ನುತ್ತಾಳೆ, ನೀರು ಕೊಡುತ್ತಾಳೆ. ಮೊದಲಿನಂತೆ ಜಗಳ ಮಾತ್ರ ಆಡುವುದಿಲ್ಲ.

ಅವಸರಣ್ಣನ ಶೆಡ್ಡಿನಲ್ಲಿ ಉಳಿದಿದ್ದ ನೇಗಿಲು, ಕಳೆ ಗಾಡಿ ಈಗ ಸಂಘದ ಕೋಣೆಯಲ್ಲಿವೆ. ಹೆಂಡತಿಯೇ ಮುಂದೆ ನಿಂತು ತುಕ್ಕು ಉಜ್ಜಿಸಿ, ಎಣ್ಣೆ ಹಚ್ಚಿಸಿ, ನೆಲದ ತೇವ ತಾಗದ ಹಾಗೆ ಇಟ್ಟಿಗೆಯ ಮೇಲೆ ಇಡಿಸಿದ್ದಾಳೆ. ಮೈಕಿನ ಗಾಡಿ ಈಗಲೂ ಬರುತ್ತದೆ. ಬಂದಾಗ ಅವಸರಣ್ಣ ಬೀದಿಗೆ ಓಡುತ್ತಾನೆ. ಯಾರಾದರೂ ಏನಾದರೂ ಹೊರಗೆಳೆದರೆ ಅಡ್ಡ ನಿಂತು ಕೇಳುತ್ತಾನೆ, "ಕೆಟ್ಟು ಕೂತಿದ್ಯಾ, ಸುಮ್ನೆ ಕೂತಿದ್ಯಾ?"

"ಎರಡೂ ಒಂದೇ ಅಲ್ವೇನಣ್ಣಾ?" ಎಂದು ನಗುವವರೇ ಹೆಚ್ಚು. ಅವನಿಗೆ ನಗು ಬರುವುದಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಓದಿಸಿಕೊಂಡು ಕೇಳುತ್ತಿರುವ ಅಣ್ಣ ತಮ್ಮಂದಿರೇ, ಹೊಸ ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಅದು ಇಳಿಯಲಾಗದ ಗದ್ದೆಯೊಂದು ನಿಮ್ಮವರಲ್ಲಿ ಯಾರದ್ದೋ ಇರುತ್ತದೆ, ಅದನ್ನು ನೆನೆಯಿರಿ. ಇವತ್ತು ಬಿಡುವಾದಾಗ ಶೆಡ್ಡಿಗೆ ಹೋಗಿ. ಅಲ್ಲಿರುವುದನ್ನು ತುಳಿದು ನೋಡಿ, ತಿರುಗಿಸಿ ನೋಡಿ. ಓಡುವಂತಿದ್ದರೆ ಎಣ್ಣೆ ಹಾಕಿಡಿ. ನಿಮಗೆ ಬೇಡವಾದರೆ ಬೇಕಾದವರು ಯಾರೆಂದು ಕೇಳಿ, ಯಾರೂ ಇಲ್ಲವೆಂದರೆ ಊರಿಗೆಲ್ಲ ಸೇರಿದಂತೆ ಒಂದು ಕಡೆ ಇಡಿ. ನಿಜವಾಗಿ ಕೆಟ್ಟಿದ್ದರೆ ರಿಪೇರಿಯವರಿಗೆ ತೋರಿಸಿ, ಅವರೂ ಆಗದೆಂದರೆ ನಟ್ಟು, ಚಕ್ರ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಿ.

ಕೊಡುವ ಮುನ್ನ ಮನೆಯವರಿಗೆಲ್ಲ ಒಂದು ಫೋನು ಮಾಡಿ. ಮಾಡಿದಾಗ ಸರಿಯಾದ ಮಾತು ಹೇಳಿ. ಸುಮ್ಮನೆ ಕೂತದ್ದನ್ನು ಕೆಟ್ಟು ಕೂತಿದೆ ಎನ್ನಬೇಡಿ.