ರೂಮ್ ನಂಬರ್ ಯಾಕ್ ಬೇಕ್ರಿ?

ನಮ್ಮ ಗಂಗಾವತಿ ಸೀಮೆಯ ಬಸ್ಸಿನಲ್ಲಿ ಪಕ್ಕದವರು ಯಾವೂರು ಎಂದು ಕೇಳಿದರೆ ಸಾಕು. ಊರು, ಓಣಿ, ಮನೆಯ ಬಾಗಿಲಿನ ಬಣ್ಣ, ಮನೆಯಲ್ಲಿ ಯಾರಿದ್ದಾರೆ, ಎಲ್ಲವನ್ನೂ ಹೇಳಿಬಿಡುತ್ತೇವೆ. ಹೇಳದಿದ್ದರೆ ಸೊಕ್ಕು ಅಂದುಕೊಂಡಾರು ಎಂಬ ಭಯ! ಆನೆಗೊಂದಿಯ ಕಸ್ತೂರೆಮ್ಮನೂ ಹಾಗೆಯೇ.

ಕಸ್ತೂರೆಮ್ಮ ಬಾಳೆನಾರಿನ ಬುಟ್ಟಿ ಹೆಣೆಯುವವಳು. ಊರಿನ ಮಹಿಳಾ ಸಂಘದ ಹದಿನಾಲ್ಕು ಮಂದಿ ಹೆಣೆದ ಬುಟ್ಟಿಗಳನ್ನು ಹೊತ್ತು ಹುಬ್ಬಳ್ಳಿಯ ಮೂರು ದಿನದ ಪ್ರದರ್ಶನಕ್ಕೆ ಹೋಗುವ ಪಾಳಿ ಈ ಸಲ ಅವಳದು. ಒಂದು ದೊಡ್ಡ ಆರ್ಡರ್ ಸಿಕ್ಕರೆ ಹದಿನಾಲ್ಕೂ ಮನೆಗೆ ತಿಂಗಳುಗಟ್ಟಲೆ ಕೆಲಸ. ಹೊರಡುವ ಮುಂಜಾನೆ ಗೆಳತಿ ತಸ್ಲೀಮಾ ಬಂದಳು. ಅವಳು ನಾಲ್ಕು ಸಲ ಇಂಥ ಪ್ರದರ್ಶನ ಕಂಡವಳು.

“ರೂಮ್ ನಂಬರ್ ಯಾರಿಗೂ ಹೇಳಬ್ಯಾಡ ಕಸ್ತೂರಿ. ವ್ಯಾಪಾರದ ಮಾತು ಮಳಿಗ್ಯಾಗ, ಮಂದಿ ನಡುವ. ಯಾರ ರೂಮಿಗೂ ಹೋಗಬ್ಯಾಡ, ಯಾರನ್ನೂ ಒಳಗ ಕರಿಬ್ಯಾಡ. ದಿನಾ ಸಂಜಿ ಏಳಕ್ಕ ನಾ ಫೋನ್ ಮಾಡ್ತೀನಿ. ಲಾಡ್ಜಿನ ಕೌಂಟರ್ ನಂಬರೂ ಕಳಸು.”

ಅಕ್ಕಿ ಆರಿಸುತ್ತಿದ್ದ ಅತ್ತೆ ವಿರೂಪಾಕ್ಷಮ್ಮ ಮುಖ ಮುರಿದಳು. “ಯವ್ವಾ, ಲೋಕದಾಗ ಎಲ್ಲಾರೂ ಕಳ್ಳರೇನು? ಕೇಳಿದವರಿಗೆ ಹೇಳಬಾರ್ದು, ಬಂದವರನ್ನ ಕರಿಬಾರ್ದು ಅಂದ್ರ ವ್ಯಾಪಾರ ಹೆಂಗ ಆಗ್ತೈತಿ?”

“ಮನಿಗೆ ಕೀಲಿ ಹಾಕಿ ಹೊಲಕ್ಕ ಹೋಗ್ತೀರಲ್ಲವ್ವಾರ, ಊರಮಂದಿ ಎಲ್ಲಾ ಕಳ್ಳರಂತೇನು?” ಎಂದು ತಸ್ಲೀಮಾ ನಕ್ಕಳು.

ಇವಳಿಗೆ ಅನುಮಾನ ಸ್ವಲ್ಪ ಜಾಸ್ತಿಯೇ ಎಂದುಕೊಂಡು ಕಸ್ತೂರೆಮ್ಮ ಬಸ್ಸು ಹತ್ತಿದಳು. ಆದರೂ ಲಾಡ್ಜ್ ಸೇರಿದ ಮೇಲೆ ಕೌಂಟರ್ ನಂಬರನ್ನು ಮರೆಯದೆ ಕಳಿಸಿದಳು.

ಪ್ರದರ್ಶನದ ಎರಡನೆಯ ದಿನ ಇಸ್ತ್ರಿ ಅಂಗಿಯವನೊಬ್ಬ ಮಳಿಗೆಗೆ ಬಂದ. ಬೆಣ್ಣೆಯಂಥ ಮಾತು. ದೊಡ್ಡ ಅಂಗಡಿಗಳಿಗೆ ಸಾಮಾನು ಕೊಡುವವನಂತೆ, ನಾನೂರು ಬುಟ್ಟಿ ಬೇಕಂತೆ. ಕಸ್ತೂರೆಮ್ಮನಿಗೆ ಕುಣಿಯುವಷ್ಟು ಖುಷಿ.

“ಎಲ್ಲಿ ಇಳಕೊಂಡಿ ತಂಗಿ? ಜೋಡಿ ಯಾರದಾರ?” ಎಂದು ಕೇಳಿದ.

“ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜಿನ್ಯಾಗರಿ, ಎರಡನೇ ಮಾಳಿಗಿ, ಇನ್ನೂರಾ ಆರು. ಒಬ್ಬಾಕಿನ ಬಂದೀನ್ರಿ.” ತಸ್ಲೀಮಾಳ ಮಾತು ನೆನಪಾಗುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿತ್ತು.

ಅಂದು ಸಂಜೆ ಅವಳ ಕೋಣೆಯ ಬಾಗಿಲು ಬಡಿದ ಸದ್ದಾಯಿತು.

“ತಂಗಿ, ಆರ್ಡರ್ ಕಾಗದ ತಂದೀನಿ. ಚಾನೂ ತಂದೀನಿ. ಬಾಗಿಲ ತೆಗಿ, ಕುಂತು ಮಾತಾಡೂಣು.”

ಕಸ್ತೂರೆಮ್ಮನ ಕೈ ಚಿಲಕದ ಮೇಲೆ ಹೋಯಿತು. ಹೊಸ್ತಿಲಿಗೆ ಬಂದವರನ್ನು ಹೊರಗೇ ನಿಲ್ಲಿಸುವುದೆಂದರೆ ಆನೆಗೊಂದಿಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮೇಲೆ ನಾನೂರು ಬುಟ್ಟಿಯ ಆಸೆ ಬೇರೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಏಳು ಗಂಟೆ! ತಸ್ಲೀಮಾ!

ಪಿಸುದನಿಯಲ್ಲಿ ಎಲ್ಲ ಹೇಳಿದಳು.

“ಚಿಲಕ ತೆಗಿಬ್ಯಾಡ. ಅದು ನಿನ್ನ ಮನಿ ಹೊಸ್ತಿಲಲ್ಲ, ನೀ ಒಬ್ಬಾಕಿ ಮಲಗೋ ಖೋಲಿ. ನಾಳಿ ಮಳಿಗಿಗೆ ಬರ್ರಿ ಅನ್ನು. ನಾ ಈಗಿಂದೀಗ ಕೌಂಟರಿಗೆ ಫೋನ್ ಹಚ್ಚತೀನಿ. ಯಾರೂ ಬರಲಿಲ್ಲಂದ್ರ ನೀ ಪೊಲೀಸರ ನೂರಾ ಹನ್ನೆರಡಕ್ಕ ಹಚ್ಚು.”

ಕಸ್ತೂರೆಮ್ಮ ಚಿಲಕದಿಂದ ಕೈ ತೆಗೆದಳು. ಜೋರಾಗಿಯೇ ಹೇಳಿದಳು: “ನಾಳಿ ಮಳಿಗಿಗೆ ಬರ್ರಿ. ಅಲ್ಲೇ ಸಹಿ ಮಾಡ್ತೀನಿ.”

“ಹಂಗಾದ್ರ ಆರ್ಡರ್ ಮರತುಬಿಡು. ತೆಗಿ ಅಂದ್ರ ತೆಗಿ!” ಬಾಗಿಲಿನ ಹಿಡಿಕೆ ಗರಗರ ಅಲುಗಿತು. ತಂಗಿ ಎಂಬ ಮಾತು ಎಲ್ಲಿ ಹೋಯಿತೋ!

ಮೆಟ್ಟಿಲ ಮೇಲೆ ಓಡಿಬರುವ ಸಪ್ಪಳ ಕೇಳಿತು. ಹೊರಗಿದ್ದವನು ಜಾಗ ಖಾಲಿ ಮಾಡಿದ. “ನಾನ್ರಿ ಅಕ್ಕಾರ, ಲಾಡ್ಜಿನ ಮ್ಯಾನೇಜರ್ ಗಾಳೇಶ. ಬೇಕಾದ್ರ ಕೌಂಟರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಬಾಗಿಲ ತೆಗೀರಿ,” ಎಂಬ ದನಿ ಬಂತು. ಅವಳು ಫೋನು ಮಾಡಿ, ಖಾತ್ರಿಯಾದ ಮೇಲೆಯೇ ಚಿಲಕ ತೆಗೆದಳು. ಕೌಂಟರಿನ ಎದುರಿನ ಕೋಣೆ ಕೊಟ್ಟರು. ಅಲ್ಲಿ ಕುಳಿತು ಕಸ್ತೂರೆಮ್ಮ ಮೊದಲು ಅತ್ತಳು, ಆಮೇಲೆ ನಕ್ಕಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು.

ಮರುದಿನ ಪ್ರದರ್ಶನ ನಡೆಸುವವರಿಗೆ ಎಲ್ಲ ತಿಳಿಸಿದಳು. ಆ ಮನುಷ್ಯ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬಂದವಳು ಧಾರವಾಡದ ಅಂಗಡಿಯ ಸುರೇಖಾ. ಬುಟ್ಟಿಯ ಹಿಡಿ ಎಳೆದು ನೋಡಿದಳು, ತಳ ತಿರುವಿ ನೋಡಿದಳು, ಎಲ್ಲರೆದುರೇ ಮುನ್ನೂರು ಬುಟ್ಟಿಗೆ ಆರ್ಡರ್ ಬರೆದುಕೊಟ್ಟಳು. ಎಲ್ಲಿ ಇಳಿದುಕೊಂಡಿದ್ದೀ ಎಂದು ಮಾತ್ರ ಕೇಳಲಿಲ್ಲ. ವ್ಯಾಪಾರಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಊರಿಗೆ ಬಂದು ಕಸ್ತೂರೆಮ್ಮ ತನ್ನ ತಪ್ಪನ್ನೂ ಮುಚ್ಚಿಡದೆ ಹೇಳಿದಳು. ವಿರೂಪಾಕ್ಷಮ್ಮ ಸೊಸೆಯ ಕೈ ಹಿಡಿದುಕೊಂಡಳು. “ಬಾಗಿಲ ಬಡಿದಾಂವಂದು ತಪ್ಪು, ನಿಂದಲ್ಲ. ನೀ ಛಲೋತ್ನಂಗ ಹೊಳ್ಳಿ ಬಂದ್ಯಲ್ಲ, ಅಷ್ಟ ಸಾಕವ್ವಾ.”

ಮುಂದಿನ ತಿಂಗಳು ಕಸ್ತೂರೆಮ್ಮ ಬುಟ್ಟಿ ಮಾರಲು ಕಲಬುರಗಿಗೆ ಹೋದಾಗ ಅಪರಿಚಿತನೊಬ್ಬ ಮನೆಗೆ ಬಂದ. “ನಿಮ್ಮ ಸೊಸಿ ಯಾವ ಲಾಡ್ಜಿನ್ಯಾಗ ಅದಾರ್ರಿ ಅಮ್ಮಾ?”

ವಿರೂಪಾಕ್ಷಮ್ಮ ತಂಬಿಗೆ ನೀರು, ಬೆಲ್ಲ ತಂದಿಟ್ಟಳು. “ನೀರು ಕುಡಿಯಪ್ಪಾ. ವಿಳಾಸ ಮಾತ್ರ ಕೊಡಂಗಿಲ್ಲ. ವ್ಯಾಪಾರದ ಮಾತಿದ್ರ ಸಂಘದ ನಂಬರಿಗೆ ಫೋನ್ ಮಾಡು.”

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೆಲಸಕ್ಕಾಗಿ ಊರು ಬಿಡುವವರು ನೀವೂ ಇದ್ದೀರಿ. ಮರ್ಯಾದೆ ಕೊಡಿ, ಕೋಣೆಯ ನಂಬರು ಕೊಡಬೇಡಿ. ಬೇಡ ಅನ್ನುವುದು ಸೊಕ್ಕಲ್ಲ. ಚೀಲ ಕಟ್ಟುವ ಮೊದಲು ಒಬ್ಬರನ್ನು ಗೊತ್ತು ಮಾಡಿಕೊಳ್ಳಿ: ನಿಮ್ಮ ಏಳು ಗಂಟೆಯ ಫೋನು ಯಾರದು?