ಹನ್ನೊಂದನೇ ಸಾಲಿನ ರಾಣಿ

"ಹನ್ನೊಂದನೇ ಸಾಲಲ್ಲಿ ರಾಣಿ ಕಣ್ಣು ಹೊಡೀತಿದ್ದಾಳೆ ನೋಡಪ್ಪ," ಎಂದು ಮಗಳು ಭೂತಗನ್ನಡಿಯನ್ನು ಅಪ್ಪನ ಮುಂದಿಟ್ಟಳು.

ಅಂಚೆಚೀಟಿ ಮುದ್ರಣಾಲಯದಲ್ಲಿ ಅಚ್ಚಾದ ಹಾಳೆಗಳನ್ನು ತಪಾಸಣೆ ಮಾಡುವುದು ಅವಳ ಕೆಲಸ. ಅಚ್ಚೊತ್ತುವ ಉಕ್ಕಿನ ಫಲಕಗಳು ರಾಣಿಯ ದೇಶದಿಂದ ಹಡಗಿನಲ್ಲಿ ಬರುತ್ತಿದ್ದವು. ಒಂದೊಂದರಲ್ಲೂ ಇನ್ನೂರ ನಲವತ್ತು ರಾಣಿಯರು. ಸವೆದ ಮುಖಗಳನ್ನು ಸಣ್ಣ ಉಳಿಯಿಂದ ತಿದ್ದುವವನು ಅಪ್ಪ. ಈ ನಾಡನ್ನು ಆಳುತ್ತಿದ್ದರೂ ಒಮ್ಮೆಯೂ ಇತ್ತ ಸುಳಿಯದ ಆ ಮಹಾತಾಯಿಯ ಮುಖವನ್ನು ಅವನಷ್ಟು ಬಲ್ಲವರು ಅರಮನೆಯಲ್ಲೂ ಇರಲಿಕ್ಕಿಲ್ಲ. ಈ ಸಲ ಮಾತ್ರ ಒಬ್ಬಳ ರೆಪ್ಪೆಯ ಗೆರೆ ಕೂದಲೆಳೆಯಷ್ಟು ಕೆಳಗೆ ಜಾರಿತ್ತು.

ಅಪ್ಪ ಬಹಳ ಹೊತ್ತು ನೋಡಿದ. "ಕಾಗದ ಸುಕ್ಕಾಗಿರ್ಬೇಕು."

"ನಾಲ್ಕು ಹಾಳೇಲೂ ಅಲ್ಲೇ ಸುಕ್ಕಾಗುತ್ತಾ?"

ಅಪ್ಪ ಭೂತಗನ್ನಡಿಯನ್ನು ಅವಳ ಕಡೆಗೇ ಸರಿಸಿ ಕಣ್ಣುಜ್ಜಿಕೊಂಡ. ಅವನ ಕಣ್ಣು ಮಂಜಾಗಿದೆಯೆಂದು ಮೇಲಿನವರಿಗೆ ಗೊತ್ತಾದರೆ ಅವತ್ತೇ ಕೆಲಸ ಹೋಗುತ್ತದೆ. ತನ್ನಿಂದ ಮುಚ್ಚಿಟ್ಟನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಹತ್ತು ವರ್ಷದಿಂದ ಮನೆಯಲ್ಲಿ ತಾಮ್ರದ ಚೂರುಗಳ ಮೇಲೆ ಇದೇ ಮೂಗು, ಇದೇ ಕಣ್ಣುಗಳನ್ನು, ಅಚ್ಚಿನಲ್ಲಿ ನೇರವಾಗಿ ಮೂಡುವಂತೆ, ಎಡಬಲ ತಿರುಗಿಸಿ ಕೆತ್ತಲು ಅವಳಿಗೆ ಕಲಿಸಿದವನು ಅವನೇ. ಹೆಣ್ಣುಮಕ್ಕಳ ಕೈಗೆ ಉಳಿ ಕೊಟ್ಟ ರೂಢಿ ಮುದ್ರಣಾಲಯದಲ್ಲಿ ಇರಲಿಲ್ಲ, ಹಾಗಾಗಿ ಇಬ್ಬರೂ ಯಾರಲ್ಲೂ ಬಾಯಿಬಿಟ್ಟಿರಲಿಲ್ಲ.

ಅವಳು ಹಾಳೆ ಹಿಡಿದು ನೇರ ಮೇಲ್ವಿಚಾರಕರ ಕೋಣೆಗೆ ಹೋದಳು. "ಫಲಕದಲ್ಲಿ ತಪ್ಪಿದೆ ಸಾರ್. ಮಾಡಿದ್ದು ನಮ್ಮಪ್ಪ. ತಿದ್ದೋದು ನಾನು."

"ನಿನಗೆ ಬರುತ್ತೇನಮ್ಮ?"

"ಬರದಿದ್ರೂ ಈ ಫಲಕ ಹೇಗಿದ್ರೂ ಗುಜರಿಗೇ ತಾನೇ ಸಾರ್? ಹೊಸ ಫಲಕ ಬರೋಕೆ ಮೂರು ತಿಂಗಳು."

ಮೇಲ್ವಿಚಾರಕರು ನಗುವನ್ನು ಮೀಸೆಯಲ್ಲೇ ನುಂಗಿಕೊಂಡರು. "ಸಂಜೆಯೊಳಗೆ ಆಗ್ಬೇಕು," ಎಂದರು.

ಫಲಕದ ಬೆನ್ನಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ, ತಗ್ಗಾಗಿದ್ದ ಉಕ್ಕನ್ನು ಎಬ್ಬಿಸಿದಳು. ಹೆರೆದು ನಯ ಮಾಡಿದಳು. ಉಸಿರು ಬಿಗಿಹಿಡಿದು ಉಳಿಯ ಒಂದೇ ನೂಕಿಗೆ ರೆಪ್ಪೆಯ ಗೆರೆ ಎಳೆದಳು.

ನಾಲ್ಕು ಗಂಟೆಗೆ ಹೊಸ ಹಾಳೆ ಅಚ್ಚಾಗಿ ಬಂತು. ಮೇಲ್ವಿಚಾರಕರು ಹನ್ನೊಂದನೇ ಸಾಲಿನುದ್ದಕ್ಕೂ ಭೂತಗನ್ನಡಿ ಸರಿಸಿದರು, ಮತ್ತೆ ಮೊದಲಿನಿಂದ ಸರಿಸಿದರು. "ಯಾವುದಮ್ಮ ತಿದ್ದಿದ್ದು?"

"ನೀವೇ ಹುಡುಕಿ ಸಾರ್."

ಅವರಿಗೆ ಸಿಗಲಿಲ್ಲ. ಆಗ ಅಪ್ಪ ಮುಂದೆ ಬಂದ. "ನನಗೆ ಕಣ್ಣು ಸಾಲ್ತಿಲ್ಲ ಸಾರ್, ಒಂದು ವರ್ಷ ಆಯ್ತು. ಇನ್ನೂ ಅರವತ್ತು ಮುಖ ಸವೆದಿವೆ. ಅವಳ ಕೈಲೇ ಮಾಡ್ಸಿ."

ಮೇಲ್ವಿಚಾರಕರು ಅಪ್ಪನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಫಲಕವನ್ನು ಅವಳ ಕಡೆಗೆ ತಳ್ಳಿದರು.

ಅವಳು ಕಿಟಕಿಯ ಬಳಿಯ ಮೇಜಿಗೆ ಕೂತು ಹನ್ನೆರಡನೇ ಸಾಲಿಗೆ ಉಳಿ ಇಟ್ಟಳು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಅಪ್ಪನಿಗೆ ತನ್ನ ನೆರಳು ಫಲಕದ ಮೇಲೆ ಬಿದ್ದದ್ದು ಕಂಡಿತು. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ.